ಕಿರುಚುವ ಫ್ಯಾನ್ ಬೆಲ್ಟ್: ಹಳೆಯ ಪಿಕಪ್ ವಾಹನದಲ್ಲಿ ಸದ್ದಿನ ಮೂಲ ಪತ್ತೆ ಹಚ್ಚುವುದು ಹೇಗೆ?

ಮೈಸೂರು: ನಂಜನಗೂಡು ರಸ್ತೆಯ ಬಂಡಿಪಾಳ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣದಲ್ಲಿ ಬೆಳಗಿನ ಜಾವ ತರಕಾರಿ ಇಳಿಸಿ ಹೊರಡುವ ಪಿಕಪ್ ವಾಹನಗಳ ಪೈಕಿ ಒಂದೆರಡಾದರೂ ಎಂಜಿನ್ ಚಾಲೂ ಆದ ಕೂಡಲೇ ಕಿವಿಗಡಚಿಕ್ಕುವಂತೆ ಕಿರುಚುವುದುಂಟು. ಹತ್ತು ಹದಿನೈದು ಸೆಕೆಂಡು ಕಳೆಯುವಷ್ಟರಲ್ಲಿ ಸದ್ದು ತಾನಾಗಿ ಅಡಗುತ್ತದೆ. ಚಾಲಕ ನಿರುಮ್ಮಳವಾಗಿ ಗೇರ್ ಹಾಕುತ್ತಾನೆ. ಮರುದಿನ ಬೆಳಿಗ್ಗೆ ಮತ್ತದೇ ಸದ್ದು. ವಾರ ಕಳೆದ ಮೇಲೆ ಅದು ವಾಹನದ ಸಹಜ ದನಿಯೇ ಆಗಿಬಿಡುತ್ತದೆ.

ಸದ್ದು ಅಡಗಿತೆಂದ ಮಾತ್ರಕ್ಕೆ ದೋಷ ಅಡಗಿದಂತಲ್ಲ. ಎಂಜಿನ್ನಿನ ಮುಂಭಾಗದಲ್ಲಿ ತಿರುಗುವ ಫ್ಯಾನ್ ಬೆಲ್ಟ್ ಪುಲ್ಲಿಯ ಮೇಲೆ ಹಿಡಿತ ತಪ್ಪಿ ಜಾರುತ್ತಿದೆ ಎಂಬುದೇ ಆ ಕಿರುಚಾಟದ ಅರ್ಥ. ಇದು ಬ್ಯಾಟರಿ ಚಾರ್ಜಿಂಗಿಗೆ ಮಾತ್ರ ಸಂಬಂಧಿಸಿದ ಚಿಕ್ಕ ತೊಂದರೆ ಎಂದು ಬಹಳಷ್ಟು ಮಾಲೀಕರು ಭಾವಿಸಿದ್ದಾರೆ. ಹಳೆಯ ಡೀಸೆಲ್ ಪಿಕಪ್‌ಗಳ ಮಟ್ಟಿಗೆ ಈ ಭಾವನೆ ಅಪಾಯಕಾರಿ. ಏಕೆಂದರೆ ಅವುಗಳಲ್ಲಿ ಅನೇಕ ವಾಹನಗಳ ಬ್ರೇಕಿನ ಬಲವೂ ಇದೇ ಬೆಲ್ಟಿನ ಮೇಲೆ ನಿಂತಿದೆ.

ಬೆಲ್ಟ್ ಏನೇನನ್ನು ತಿರುಗಿಸುತ್ತದೆ?

ಕ್ರ್ಯಾಂಕ್‌ಶಾಫ್ಟ್‌ನ ತುದಿಯಲ್ಲಿರುವ ದೊಡ್ಡ ಪುಲ್ಲಿಯಿಂದ ಶಕ್ತಿ ಪಡೆಯುವ ಬೆಲ್ಟ್, ಹಳೆಯ ಪಿಕಪ್‌ಗಳಲ್ಲಿ ರೇಡಿಯೇಟರ್ ಫ್ಯಾನ್, ವಾಟರ್ ಪಂಪ್ ಮತ್ತು ಆಲ್ಟರ್ನೇಟರ್ ಈ ಮೂರನ್ನೂ ತಿರುಗಿಸುತ್ತದೆ. ಆಲ್ಟರ್ನೇಟರನ್ನು ಗ್ಯಾರೇಜುಗಳಲ್ಲಿ ಇಂದಿಗೂ ಡೈನಮೋ ಎಂದೇ ಕರೆಯುವವರಿದ್ದಾರೆ. ಪವರ್ ಸ್ಟೀರಿಂಗ್ ಅಥವಾ ಎ.ಸಿ. ಇರುವ ವಾಹನವಾದರೆ ಅವುಗಳಿಗೆ ಪ್ರತ್ಯೇಕ ಬೆಲ್ಟ್ ಇರಬಹುದು.

ಬ್ರೇಕಿನ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೆಡಲ್ ಮೇಲೆ ಕಾಲಿನ ಒತ್ತಡವನ್ನು ಹಲವು ಪಟ್ಟು ಹೆಚ್ಚಿಸಿಕೊಡುವುದು ಬೂಸ್ಟರ್. ಅದು ಕೆಲಸ ಮಾಡುವುದು ನಿರ್ವಾತದ ಬಲದಿಂದ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಸೇರುವ ಮಾರ್ಗದಲ್ಲಿಯೇ ಈ ನಿರ್ವಾತ ದೊರೆಯುತ್ತದೆ. ಹಳೆಯ ಡೀಸೆಲ್ ಎಂಜಿನ್ನಿನ ಗಾಳಿಯ ಮಾರ್ಗದಲ್ಲಿ ತಡೆ ಇಲ್ಲದ ಕಾರಣ ಅದಕ್ಕೆ ಬೇರೆಯೇ ವ್ಯಾಕ್ಯೂಮ್ ಪಂಪ್ ಬೇಕು. ಟಾಟಾ 207, ಮಹೀಂದ್ರ ಬೊಲೆರೊ ಸಾಲಿನ ಹಳೆಯ ಡೀಸೆಲ್ ಎಂಜಿನ್ನುಗಳು ಸೇರಿದಂತೆ ಆ ತಲೆಮಾರಿನ ಅನೇಕ ವಾಹನಗಳಲ್ಲಿ ಈ ಪಂಪನ್ನು ಆಲ್ಟರ್ನೇಟರಿನ ಬೆನ್ನಿಗೇ, ಅದೇ ಶಾಫ್ಟ್‌ಗೆ ಜೋಡಿಸಲಾಗಿದೆ. ಬೆಲ್ಟ್ ನಿಂತರೆ ಆಲ್ಟರ್ನೇಟರ್ ನಿಲ್ಲುತ್ತದೆ; ಅದರೊಂದಿಗೆ ಪಂಪೂ ನಿಲ್ಲುತ್ತದೆ. ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತ ಎರಡು ಮೂರು ಬಾರಿ ಬ್ರೇಕ್ ಒತ್ತುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ನಿಮ್ಮ ವಾಹನ ಈ ಬಗೆಯದೇ ಎಂಬುದನ್ನು ತಿಳಿಯುವುದು ಸುಲಭ. ಆಲ್ಟರ್ನೇಟರಿನ ಹಿಂಬದಿಯಲ್ಲಿ ದಪ್ಪನೆಯ ರಬ್ಬರ್ ಹೋಸ್ ಒಂದು ಬ್ರೇಕ್ ಬೂಸ್ಟರಿನ ಕಡೆಗೆ ಹೋಗಿದ್ದು, ಜೊತೆಗೆ ಎಂಜಿನ್ ಆಯಿಲ್ ತರುವ ತೆಳು ಪೈಪ್ ಕಂಡರೆ ಪಂಪ್ ಅಲ್ಲಿಯೇ ಇದೆ ಎಂದು ತಿಳಿಯಬಹುದು. ಕೆಲವು ಎಂಜಿನ್ನುಗಳಲ್ಲಿ ಪಂಪ್ ನೇರವಾಗಿ ಎಂಜಿನ್ನಿನಿಂದಲೇ ತಿರುಗುತ್ತದೆ. ಅಂತಹವುಗಳಿಗೆ ಈ ಭಯವಿಲ್ಲ.

ಮೈಸೂರಿನ ಪಿಕಪ್ ಮಾಲೀಕರಿಗೆ ಇದು ಪುಸ್ತಕದ ಮಾತಲ್ಲ. ಇಲ್ಲಿಂದ ತರಕಾರಿ ಹೇರಿಕೊಂಡು ಗುಂಡ್ಲುಪೇಟೆ ಮಾರ್ಗವಾಗಿ ವಯನಾಡಿಗೆ, ಅಲ್ಲಿಂದ ಕೋಳಿಕ್ಕೋಡಿಗೆ ಹೋಗುವ ವಾಹನ, ಲಕ್ಕಿಡಿಯಿಂದ ಒಂಬತ್ತು ಹೇರ್‌ಪಿನ್ ತಿರುವುಗಳ ತಾಮರಶೇರಿ ಘಟ್ಟವನ್ನು ಭಾರಸಮೇತ ಇಳಿಯಬೇಕು. ಬಂಡೀಪುರ ಅರಣ್ಯದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಲ್ಲಿ ಜಾರಿಗೆ ಬಂದಿತು. ಅಂದಿನಿಂದ ಸಂಜೆ ಹೊರಟ ಚಾಲಕನಿಗೆ ಗೇಟ್ ಮುಚ್ಚುವುದರೊಳಗೆ ದಾಟುವ ಧಾವಂತ. ಬೆಲ್ಟ್ ಕಿರುಚಿದರೂ ನಿಲ್ಲಿಸಿ ನೋಡುವ ವ್ಯವಧಾನ ಆಗ ಯಾರಿಗೂ ಇರುವುದಿಲ್ಲ. ಆದ್ದರಿಂದ ನೋಡುವ ಕೆಲಸ ಊರಿನಲ್ಲಿಯೇ, ಹಿಂದಿನ ದಿನವೇ ಆಗಬೇಕು.

ಸದ್ದು ಹುಟ್ಟುವ ಬಗೆ

1917ರಲ್ಲಿ ಅಮೆರಿಕದ ಜಾನ್ ಗೇಟ್ಸ್ ರಬ್ಬರ್ ಮತ್ತು ನೂಲಿನಿಂದ ರೂಪಿಸಿದ ವಿ ಆಕಾರದ ಬೆಲ್ಟ್ ಅಲ್ಲಿಯವರೆಗಿನ ಚಪ್ಪಟೆ ಚರ್ಮದ ಪಟ್ಟಿಯನ್ನು ಮೂಲೆಗುಂಪು ಮಾಡಿತು. ಅದರ ಗುಟ್ಟು ಬದಿಗಳಲ್ಲಿದೆ. ಬೆಲ್ಟ್ ಪುಲ್ಲಿಯ ಹಳ್ಳದ ತಳವನ್ನು ಮುಟ್ಟುವುದಿಲ್ಲ. ಮರದ ಸೀಳಿನಲ್ಲಿ ಹೊಡೆದ ಬೆಣೆಯಂತೆ ಎರಡೂ ಬದಿಯ ಗೋಡೆಗಳನ್ನು ಕಚ್ಚಿ ಹಿಡಿಯುತ್ತದೆ. ಬದಿ ಸವೆದರೆ ಬೆಲ್ಟ್ ಕೆಳಗಿಳಿದು ತಳಕ್ಕೆ ತಾಗುತ್ತದೆ, ಬೆಣೆಯ ಹಿಡಿತ ಹೋಗುತ್ತದೆ.

ಹಿಡಿತ ಸಾಲದಾದಾಗ ಬೆಲ್ಟ್ ಒಂದೇ ಸಮನೆ ಜಾರುವುದಿಲ್ಲ. ಕಚ್ಚುತ್ತದೆ, ಜಾರುತ್ತದೆ, ಮತ್ತೆ ಕಚ್ಚುತ್ತದೆ. ಒಂದು ಸೆಕೆಂಡಿನಲ್ಲಿ ನೂರಾರು ಬಾರಿ ನಡೆಯುವ ಈ ಕಚ್ಚಾಟವೇ ಸದ್ದು. ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗ ನಾದ ಹುಟ್ಟುವುದೂ ಇದೇ ಕ್ರಮದಿಂದ. ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರ ಊರಿನಲ್ಲಿ ಈ ಹೋಲಿಕೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೊದಲು ಜಾರುವುದು ಸಾಮಾನ್ಯವಾಗಿ ಆಲ್ಟರ್ನೇಟರಿನ ಪುಲ್ಲಿಯ ಮೇಲೆ. ಅದು ಎಲ್ಲಕ್ಕಿಂತ ಚಿಕ್ಕದು. ಬೆಲ್ಟ್ ಅದನ್ನು ಸುತ್ತಿ ಹಿಡಿಯುವ ಭಾಗವೂ ಕಡಿಮೆ. ಮೇಲಾಗಿ ಭಾರ ಹೆಚ್ಚು. 60 ಆಂಪಿಯರ್ ವಿದ್ಯುತ್ತನ್ನು 14 ವೋಲ್ಟ್‌ನಲ್ಲಿ ಕೊಡುವ ಆಲ್ಟರ್ನೇಟರ್ 840 ವಾಟ್ ಉತ್ಪಾದಿಸುತ್ತದೆ. ಒಳಗೆ ನಷ್ಟವಾಗುವುದನ್ನೂ ಸೇರಿಸಿದರೆ ಬೆಲ್ಟ್ ಅದಕ್ಕೆ ಸುಮಾರು 2 ಅಶ್ವಶಕ್ತಿಯನ್ನು ಸಾಗಿಸಬೇಕಾಗುತ್ತದೆ. ಒಂದು ಕೊಳವೆಬಾವಿಯ ಚಿಕ್ಕ ಮೋಟಾರಿನಷ್ಟು ಕೆಲಸವನ್ನು ಬೆರಳಗಲದ ರಬ್ಬರ್ ಪಟ್ಟಿ ಮಾಡುತ್ತಿದೆ ಎಂದಾಯಿತು.

ಯಾವಾಗ ಕಿರುಚುತ್ತದೆ?

ಮೆಕ್ಯಾನಿಕ್ ಬಳಿ ಹೋಗುವ ಮೊದಲು ಮಾಲೀಕ ಮಾಡಬೇಕಾದ ಕೆಲಸವೆಂದರೆ ಎರಡು ದಿನ ಕಿವಿಗೊಟ್ಟು ಕೇಳುವುದು. ಸದ್ದು ಬರುವ ಹೊತ್ತೇ ಅರ್ಧ ಉತ್ತರ ಹೇಳಿಬಿಡುತ್ತದೆ. ಗ್ಯಾರೇಜಿಗೆ ಹೋದಾಗ ವಾಹನ ಸದ್ದೇ ಮಾಡದೆ ಸುಮ್ಮನಿರುವ ಅನುಭವ ಹಲವರಿಗೆ ಇದ್ದೇ ಇದೆ; ಆಗ ನಿಮ್ಮ ನೆನಪೊಂದೇ ಆಧಾರ.

ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ಕೆಲವು ಸೆಕೆಂಡು ಕಿರುಚಿದರೆ, ಸ್ಟಾರ್ಟರ್ ಖಾಲಿ ಮಾಡಿದ ಬ್ಯಾಟರಿಯನ್ನು ತುಂಬಿಸಲು ಆಲ್ಟರ್ನೇಟರ್ ಪೂರ್ಣಬಲದಿಂದ ದುಡಿಯುತ್ತಿದೆ, ಆ ಭಾರಕ್ಕೆ ಬೆಲ್ಟಿನ ಬಿಗಿ ಸಾಲುತ್ತಿಲ್ಲ ಎಂದರ್ಥ. ಬ್ಯಾಟರಿ ತುಂಬಿದಂತೆ ಭಾರ ಇಳಿದು ಸದ್ದು ನಿಲ್ಲುತ್ತದೆ. ಹೀಟರ್ ಪ್ಲಗ್ ಇರುವ ಹಳೆಯ ಎಂಜಿನ್ನುಗಳಲ್ಲಿ, ಮಾಗಿಯ ಚಳಿಯ ದಿನಗಳಲ್ಲಿ ಇದು ಇನ್ನಷ್ಟು ಹೆಚ್ಚು. ಪ್ಲಗ್ ಕಾಯಿಸುವುದಕ್ಕೂ ಬ್ಯಾಟರಿಯ ವಿದ್ಯುತ್ ವ್ಯಯವಾಗಿರುತ್ತದೆ. ಕಿರುಚಾಟದ ಅವಧಿ ದಿನೇ ದಿನೇ ಉದ್ದವಾಗುತ್ತಿದ್ದರೆ ಬೆಲ್ಟ್ ಒಂದನ್ನೇ ದೂರಬೇಡಿ. ಬ್ಯಾಟರಿ ಮುಪ್ಪಾಗಿರಬಹುದು. ಎಷ್ಟು ಕುಡಿದರೂ ತುಂಬದ ಬ್ಯಾಟರಿ ಬೆಲ್ಟನ್ನು ಹಗಲಿಡೀ ದುಡಿಸುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ಮೀಟರ್ ಇಟ್ಟು ನೋಡಿದರೆ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್ ಹಾಕಿದಾಗ ಇದು 13ಕ್ಕಿಂತ ಕೆಳಗೆ ಕುಸಿದು ಜೊತೆಗೆ ಬೆಲ್ಟೂ ಕಿರುಚಿದರೆ ಜಾರುವಿಕೆಗೆ ಬೇರೆ ಸಾಕ್ಷಿ ಬೇಡ.

ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಮಾತ್ರ ಕಿರುಚುವುದು ಪವರ್ ಸ್ಟೀರಿಂಗ್ ಪಂಪಿನ ಬೆಲ್ಟ್. ಎ.ಸಿ. ಗುಂಡಿ ಒತ್ತಿದ ಕ್ಷಣದಲ್ಲಿ ಬಂದರೆ ಕಂಪ್ರೆಸರಿನದು. ಕ್ಲಚ್ ಒತ್ತಿದಾಗ ಸದ್ದು ಹುಟ್ಟಿದರೆ ಅಥವಾ ಅಡಗಿದರೆ ಅದಕ್ಕೂ ಬೆಲ್ಟಿಗೂ ಸಂಬಂಧವಿಲ್ಲ. ಕ್ಲಚ್ ಬೇರಿಂಗನ್ನು ನೋಡಿಸಬೇಕು. ವಾಹನ ನಿಂತಿರುವಾಗ ಇಲ್ಲದ ಸದ್ದು ಓಡುವಾಗ ಚಕ್ರದ ವೇಗಕ್ಕೆ ತಕ್ಕಂತೆ ಬಂದರೂ ಬೆಲ್ಟಿನದಲ್ಲ.

ಮಳೆಗಾಲದಲ್ಲಿ ನೀರು ಎರಚಿದಾಗ ಒಂದೆರಡು ನಿಮಿಷ ಕಿರುಚುವುದನ್ನು ಕೆಲವರು ಸಹಜವೆನ್ನುತ್ತಾರೆ. ಅದು ಅರ್ಧ ಸತ್ಯ. ಬಿಗಿ ಸರಿಯಿರುವ, ಬದಿ ಸವೆಯದ ಬೆಲ್ಟ್ ಒದ್ದೆಯಾದರೂ ಸುಮ್ಮನಿರುತ್ತದೆ. ಎಂಜಿನ್ನಿನ ಕೆಳಗಿನ ತಗಡಿನ ರಕ್ಷಾಕವಚ ಬಿಚ್ಚಿಹೋಗಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಹಳೆಯ ಪಿಕಪ್‌ಗಳಲ್ಲಿ ಎಂದೋ ಒಮ್ಮೆ ಬಿಚ್ಚಿದ ಈ ತಗಡು ಮತ್ತೆ ಕೂರುವುದೇ ಅಪರೂಪ.

ಕಿರುಚಾಟವೋ, ಚಿಲಿಪಿಲಿಯೋ?

ಎಲ್ಲ ಸದ್ದೂ ಜಾರುವಿಕೆಯಲ್ಲ. ಎಳೆದ ದನಿಯಲ್ಲಿ ಒಂದೇ ಸಮನೆ ಬರುವುದು ಕಿರುಚಾಟ. ಎಂಜಿನ್ ವೇಗ ಅಥವಾ ಭಾರ ಹೆಚ್ಚಿದಂತೆ ಅದೂ ಏರುತ್ತದೆ. ಗುಬ್ಬಚ್ಚಿಯಂತೆ ಬಿಟ್ಟು ಬಿಟ್ಟು ಚಿಂವ್ ಚಿಂವ್ ಎನ್ನುವುದು ಬೇರೆ. ಅದು ನಿಧಾನಗತಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ, ವೇಗ ಏರಿದಂತೆ ಎಂಜಿನ್ನಿನ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಾಗ ಬರುವ ಸದ್ದು ಇದು. ಮೂರನೆಯದು ಗೊರಗೊರ ಎನ್ನುವ ಒಣ ಸದ್ದು. ಯಾವುದೋ ಬೇರಿಂಗ್ ಸತ್ತಿದೆ.

ಮೊದಲ ಎರಡನ್ನು ಬೇರ್ಪಡಿಸಲು ಮೆಕ್ಯಾನಿಕ್‌ಗಳು ನೀರಿನ ಪರೀಕ್ಷೆ ಮಾಡುತ್ತಾರೆ. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ, ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದ ನೀರಿನ ಬಾಟಲಿಯಿಂದ ದೂರದಿಂದಲೇ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮ್ಮಿಸಬೇಕು. ಸದ್ದು ಕೂಡಲೇ ಜೋರಾದರೆ ಬೆಲ್ಟ್ ಸಡಿಲ. ಒದ್ದೆಯಾಗಿ ಇದ್ದ ಹಿಡಿತವೂ ಹೋಯಿತು. ಸದ್ದು ತಕ್ಷಣ ನಿಂತು, ನೀರು ಒಣಗಿದ ಕೆಲವು ಸೆಕೆಂಡಿನಲ್ಲಿ ಮರಳಿದರೆ ಪುಲ್ಲಿಗಳ ಸಾಲು ತಪ್ಪಿದೆ. ಯಾವ ಬದಲಾವಣೆಯೂ ಆಗದಿದ್ದರೆ ಬೇರಿಂಗಿನ ಕಡೆ ಗಮನ ಹರಿಸಬೇಕು. ಪಕ್ಕೆಗಳಿರುವ ಚಪ್ಪಟೆ ಬೆಲ್ಟಿನಲ್ಲಿ ಈ ಪರೀಕ್ಷೆ ನಿಖರ; ವಿ ಬೆಲ್ಟಿನಲ್ಲಿ ಒಂದು ಸುಳಿವಷ್ಟೆ. ನೀರು ಆಲ್ಟರ್ನೇಟರಿನ ಒಳಗೆ ಹೋಗಬಾರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತಿರುಗುವ ಫ್ಯಾನಿನ ಹತ್ತಿರ ಹೆಗಲ ಮೇಲಿನ ಟವಲ್, ಸಡಿಲ ತೋಳು, ಕೈಗಡಿಯಾರ ಯಾವುದೂ ಇರಕೂಡದು. ಕೈ ಹಾಕುವ ಮುಂದಿನ ಎಲ್ಲ ಕೆಲಸವೂ ಎಂಜಿನ್ ನಿಂತು, ಕೀಲಿಕೈ ನಿಮ್ಮ ಜೇಬಿಗೆ ಬಂದ ಮೇಲೆ.

ಕಣ್ಣು ಮತ್ತು ಕೈ

ಬಿಸಿ ಆರಿದ ಎಂಜಿನ್ನಿನ ಮುಂದೆ ಟಾರ್ಚ್ ಹಿಡಿದು ಬೆಲ್ಟನ್ನು ಅಷ್ಟಷ್ಟೇ ತಿರುಗಿಸುತ್ತಾ ಪೂರ್ತಿ ಸುತ್ತು ನೋಡಬೇಕು. ಬದಿಗಳು ಗಾಜಿನಂತೆ ಹೊಳೆಯುತ್ತಿದ್ದರೆ ಜಾರಿ ಜಾರಿ ರಬ್ಬರ್ ಸುಟ್ಟು ಗಟ್ಟಿಯಾಗಿದೆ. ಅಂತಹ ಬೆಲ್ಟನ್ನು ಎಷ್ಟು ಬಿಗಿ ಮಾಡಿದರೂ ಕೆಲವೇ ದಿನಗಳಲ್ಲಿ ಸದ್ದು ಮರುಕಳಿಸುತ್ತದೆ. ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿನ ಮಟ್ಟಕ್ಕೆ ಅಥವಾ ಕೂದಲೆಳೆಯಷ್ಟು ಮೇಲೆ ಇರಬೇಕು. ಒಳಗೆ ಕುಸಿದಿದ್ದರೆ ಬೆಲ್ಟ್ ಸವೆದಿದೆ ಅಥವಾ ಪುಲ್ಲಿಯೇ ಸವೆದಿದೆ. ಹಳ್ಳದ ತಳ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ಅಲ್ಲಿ ತಾಗುತ್ತಿದೆ. ಹೊಸ ಬೆಲ್ಟ್ ಹಾಕಿದ ತಿಂಗಳೊಳಗೆ ಕಿರುಚಾಟ ಶುರುವಾಯಿತೆಂದು ದೂರುವವರ ವಾಹನದಲ್ಲಿ ಮೊದಲು ಇದನ್ನೇ ನೋಡಬೇಕು.

ಬಿರುಕಿನ ವಿಷಯದಲ್ಲಿ ಹಳೆಯ ತಿಳಿವಳಿಕೆ ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಮೊದಲಿನ ನಿಯೋಪ್ರೀನ್ ಬೆಲ್ಟುಗಳು ಮುಪ್ಪಾದಂತೆ ಬಿರುಕು ಬಿಡುತ್ತಿದ್ದವು. ಪಕ್ಕೆಯೊಂದರ ಮೂರು ಅಂಗುಲ ಉದ್ದದಲ್ಲಿ ಮೂರಕ್ಕಿಂತ ಹೆಚ್ಚು ಬಿರುಕು ಕಂಡರೆ ಬದಲಿಸುವುದು ರೂಢಿ. ಈಗ ಹೆಚ್ಚಾಗಿ ಬರುವ ಇಪಿಡಿಎಂ ರಬ್ಬರಿನ ಬೆಲ್ಟ್ ಸುಲಭವಾಗಿ ಬಿರುಕು ಬಿಡುವುದಿಲ್ಲ, ಟೈರಿನಂತೆ ಸವೆಯುತ್ತದೆ. ನೋಟಕ್ಕೆ ಹೊಸದರಂತಿದ್ದರೂ ಹಿಡಿತ ಕಳೆದುಕೊಂಡಿರಬಹುದು.

ಬೆಲ್ಟಿನ ಮೇಲೆ ಆಯಿಲ್ ಇದ್ದರೆ ಅದು ಎಲ್ಲಿಂದ ಬಂತೆಂದು ಹುಡುಕುವುದೇ ಮುಖ್ಯ ಕೆಲಸ. ಆಲ್ಟರ್ನೇಟರಿನ ಬೆನ್ನಿಗಿರುವ ವ್ಯಾಕ್ಯೂಮ್ ಪಂಪಿಗೆ ಎಂಜಿನ್ ಆಯಿಲ್ ಹರಿಯುತ್ತಿರುತ್ತದೆಂದು ಮೇಲೆ ಹೇಳಿದೆ. ಅದರ ಸೀಲ್ ಸವೆದರೆ ಆಯಿಲ್ ಆಲ್ಟರ್ನೇಟರಿನ ಒಳಗೂ, ಬೆಲ್ಟಿನ ಮೇಲೂ ಬರುತ್ತದೆ. ಹಾಗಾಗಿ ಹಳೆಯ ಪಿಕಪ್‌ನಲ್ಲಿ ಬೆಲ್ಟ್ ಕಿರುಚುವುದು ಕೆಲವೊಮ್ಮೆ ಬ್ರೇಕಿನ ಪಂಪ್ ಕೆಡುತ್ತಿರುವುದರ ಮೊದಲ ಸೂಚನೆಯೂ ಆಗಿರುತ್ತದೆ. ಇದನ್ನು ನೋಡದೆ ಬರಿದೇ ಬೆಲ್ಟ್ ಬದಲಿಸುವುದು ಸೋರುವ ಮಾಡಿನ ಕೆಳಗೆ ಹಾಸಿಗೆ ಬದಲಿಸಿದಂತೆ. ಕ್ರ್ಯಾಂಕ್‌ನ ಮುಂದಿನ ಆಯಿಲ್ ಸೀಲ್, ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ಪವರ್ ಸ್ಟೀರಿಂಗ್ ಹೋಸ್ ಇವೂ ಶಂಕಿತರ ಪಟ್ಟಿಯಲ್ಲಿವೆ. ವಾಟರ್ ಪಂಪಿನ ಕೆಳಗಿನ ಚಿಕ್ಕ ತೂತಿನಿಂದ ಕೂಲೆಂಟ್ ಜಿನುಗಿ ಬಿಳಿ ಅಥವಾ ಹಸಿರು ಕಲೆ ಕಟ್ಟಿದ್ದರೆ ಪಂಪಿನ ಸೀಲ್ ಹೋಗಿದೆ. ಆಯಿಲ್ ಕುಡಿದ ಬೆಲ್ಟನ್ನು ಸೀಮೆಎಣ್ಣೆ, ಪೆಟ್ರೋಲಿನಲ್ಲಿ ತೊಳೆಯುವುದರಿಂದ ರಬ್ಬರ್ ಉಬ್ಬಿ ಹಾಳಾಗುತ್ತದೆ. ಸೋರಿಕೆ ನಿಲ್ಲಿಸಿ, ಪುಲ್ಲಿಗಳನ್ನು ಸೋಪಿನ ನೀರಿನಲ್ಲಿ ಜಿಡ್ಡು ಹೋಗುವಂತೆ ತೊಳೆದು ಒಣಗಿಸಿ, ಬೆಲ್ಟ್ ಹೊಸದು ಹಾಕುವುದೇ ಸರಿ.

ನಮ್ಮ ಭಾಗಕ್ಕೇ ವಿಶಿಷ್ಟವಾದ ಇನ್ನೊಂದು ಕಾರಣವಿದೆ. ಸುಗ್ಗಿಯ ಕಾಲದಲ್ಲಿ ಹಳ್ಳಿಗಳ ಡಾಂಬರು ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿ ವಾಹನಗಳಿಂದಲೇ ಒಕ್ಕಣೆ ಮಾಡಿಸುವುದು ತಪ್ಪೆಂದು ಎಷ್ಟು ಸಲ ಹೇಳಿದರೂ ನಿಂತಿಲ್ಲ. ಅದರ ಮೇಲೆ ಹಾದುಹೋದ ವಾಹನದ ತಳದಲ್ಲಿ ಸಿಕ್ಕಿದ ಹುಲ್ಲು ಬಿಸಿ ಭಾಗಗಳಿಗೆ ತಾಗಿ ಬೆಂಕಿ ಹತ್ತುವ ಭಯ ಎಲ್ಲರಿಗೂ ಗೊತ್ತು. ಅದೇ ಹುಲ್ಲಿನ ಎಳೆ ಕ್ರ್ಯಾಂಕ್ ಪುಲ್ಲಿಯ ಹಳ್ಳದಲ್ಲಿ ಸೇರಿ ಬೆಲ್ಟನ್ನು ಎತ್ತಿ ಹಿಡಿದು ಸದ್ದು ಮಾಡಿಸುತ್ತದೆ. ಒಂದು ತಂತಿಯಿಂದ ಹಳ್ಳವನ್ನು ಕೆದಕಿ ನೋಡಿದರೆ ತಿಳಿಯುತ್ತದೆ.

ಎಷ್ಟು ಬಿಗಿ?

ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಭಾಗದ ಮಧ್ಯದಲ್ಲಿ ಹೆಬ್ಬೆರಳಿನಿಂದ ಸುಮಾರು 10 ಕಿಲೋ ಭಾರದಷ್ಟು ಒತ್ತಿದಾಗ ಬೆಲ್ಟ್ ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರ್ ತಗ್ಗಬೇಕು. ವಾಹನದ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಆಲ್ಟರ್ನೇಟರಿನ ಕೆಳಗಿನ ದೊಡ್ಡ ಬೋಲ್ಟ್ ಮತ್ತು ಮೇಲಿನ ಪಟ್ಟಿಯ ಬೋಲ್ಟ್ ಎರಡನ್ನೂ ಸಡಿಲಿಸಿ, ಆಲ್ಟರ್ನೇಟರನ್ನು ಹೊರಕ್ಕೆ ಎಳೆದು ಹಿಡಿದು ಬೋಲ್ಟ್‌ಗಳನ್ನು ಬಿಗಿಯಬೇಕು. ರಾಡ್ ಹಾಕಿ ಮೀಟುವುದಾದರೆ ಆಲ್ಟರ್ನೇಟರಿನ ಮುಂಭಾಗದ ಗಟ್ಟಿ ಎರಕದ ಮೇಲೆ ಮಾತ್ರ. ಹಿಂದಿರುವ ವ್ಯಾಕ್ಯೂಮ್ ಪಂಪ್ ಅಥವಾ ಅದರ ಪೈಪಿನ ಮೇಲೆ ಭಾರ ಬಿದ್ದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಕಿರುಚಾಟ ಕೇಳಿದ ಕೂಡಲೇ ಬೆಲ್ಟನ್ನು ತಂತಿಯಂತೆ ಬಿಗಿದು ಕಳಿಸುವುದು ಅನೇಕ ಕಡೆ ಕಾಣುವ ಅಭ್ಯಾಸ. ಸದ್ದೇನೋ ನಿಲ್ಲುತ್ತದೆ. ಆದರೆ ಆ ಎಳೆತವೆಲ್ಲ ವಾಟರ್ ಪಂಪ್ ಮತ್ತು ಆಲ್ಟರ್ನೇಟರಿನ ಬೇರಿಂಗುಗಳ ಮೇಲೆ ಬೀಳುತ್ತದೆ. ಕೆಲವು ನೂರು ರೂಪಾಯಿಯ ಬೆಲ್ಟನ್ನು ಉಳಿಸಲು ಹೋಗಿ ಸಾವಿರಗಟ್ಟಲೆ ಬೆಲೆಯ ಪಂಪನ್ನು ಕಳೆದುಕೊಳ್ಳುವ ಈ ಲೆಕ್ಕಾಚಾರ ಅರ್ಥವಾಗದು.

ತಾನಾಗಿ ಬಿಗಿ ಹಿಡಿಯುವ ಟೆನ್ಷನರ್ ಇರುವ ಆನಂತರದ ಮಾದರಿಗಳಲ್ಲಿ ಹೊಂದಿಸುವ ಬೋಲ್ಟ್ ಇರುವುದಿಲ್ಲ. ಎಂಜಿನ್ ಓಡುವಾಗ ಅದರ ತೋಳು ಎದ್ದುಕಾಣುವಂತೆ ಕುಣಿಯುತ್ತಿದ್ದರೆ ಸ್ಪ್ರಿಂಗ್ ದಣಿದಿದೆ. ಇನ್ನು ಟಾಟಾ ಏಸ್ ಬಗೆಯ, ಸೀಟಿನ ಕೆಳಗೆ ಎಂಜಿನ್ ಇರುವ ಚಿಕ್ಕ ವಾಹನಗಳಲ್ಲಿ ನೋಡುವ ಜಾಗ ಬೇರೆ, ಕ್ರಮ ಇದೇ.

ಸಾಲು ತಪ್ಪಿದ ಪುಲ್ಲಿ, ಸತ್ತ ಬೇರಿಂಗ್

ಸಾಲು ಪರೀಕ್ಷಿಸಲು ಉದ್ದನೆಯ ಉಕ್ಕಿನ ಸ್ಕೇಲ್ ಅಥವಾ ಬಿಗಿದು ಹಿಡಿದ ದಾರ ಸಾಕು. ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ತಾಗಿಸಿ ಹಿಡಿದಾಗ ಇತರ ಪುಲ್ಲಿಗಳೂ ಅದೇ ಗೆರೆಗೆ ಬರಬೇಕು. ಒಂದು ಅಡಿಗೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಒಪ್ಪತಕ್ಕದ್ದಲ್ಲ. ಪುಲ್ಲಿಗಳ ಅಂಚಿನ ದಪ್ಪ ಬೇರೆ ಬೇರೆ ಇದ್ದಲ್ಲಿ ಹಳ್ಳಗಳ ನಡುವನ್ನು ಹೋಲಿಸಬೇಕು. ಇತ್ತೀಚೆಗೆ ಆಲ್ಟರ್ನೇಟರ್ ಅಥವಾ ವಾಟರ್ ಪಂಪ್ ಬದಲಿಸಿದ್ದರೆ ಮೊದಲ ಸಂಶಯ ಅದರ ಮೇಲೆಯೇ. ಹಳೆಯ ವಾಹನಕ್ಕೆ ಬೇರೊಂದರಿಂದ ತಂದ ಆಲ್ಟರ್ನೇಟರ್ ಕೂರಿಸುವಾಗ ಒಂದು ವಾಷರ್ ಹೆಚ್ಚು ಕಡಿಮೆಯಾದರೂ ಚಿಲಿಪಿಲಿ ಶುರು.

ಬೇರಿಂಗ್ ನೋಡಲು ಬೆಲ್ಟನ್ನು ಕಳಚಬೇಕು. ತಣ್ಣನೆಯ ಎಂಜಿನ್ನನ್ನು ಬೆಲ್ಟ್ ಇಲ್ಲದೆ ಹೆಚ್ಚೆಂದರೆ ಅರ್ಧ ನಿಮಿಷ ಓಡಿಸಬಹುದು. ವಾಹನ ನಿಂತಲ್ಲೇ ಇರಬೇಕು. ಸದ್ದು ಹೋಗಿದ್ದರೆ ಅದು ಬೆಲ್ಟ್ ತಿರುಗಿಸುವ ಭಾಗಗಳದು, ಹಾಗೆಯೇ ಇದ್ದರೆ ಎಂಜಿನ್ನಿನ ಬೇರೆ ಕಡೆಯದು. ಆಮೇಲೆ ಎಂಜಿನ್ ನಿಲ್ಲಿಸಿ ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸಿ, ಅತ್ತಿತ್ತ ಅಲುಗಿಸಿ ನೋಡಬೇಕು. ಮರಳು ಸಿಕ್ಕಿದಂತೆ ಕರಕರ ಎನ್ನುವ, ಅಥವಾ ಅಲುಗುವ ಪುಲ್ಲಿಯ ಬೇರಿಂಗ್ ಹೋಗಿದೆ. ಬೇರಿಂಗ್ ಕಚ್ಚಿಕೊಂಡರೆ ಬೆಲ್ಟ್ ಅದರ ಮೇಲೆ ಉಜ್ಜಿ ಹೊಗೆಯಾಡುತ್ತದೆ. ರಬ್ಬರ್ ಸುಟ್ಟ ವಾಸನೆ ಬಂದಿದ್ದರೆ ಈ ಪರೀಕ್ಷೆ ಮಾಡದೆ ವಾಹನವನ್ನು ರಸ್ತೆಗೆ ಇಳಿಸಬಾರದು.

ಬ್ರೇಕಿನ ಪರೀಕ್ಷೆಯನ್ನೂ ಇದರೊಂದಿಗೇ ಮುಗಿಸಬಹುದು. ಬೆಲ್ಟ್ ಮತ್ತೆ ಕೂರಿಸಿದ ಬಳಿಕ, ಎಂಜಿನ್ ನಿಂತಿರುವಾಗ ಪೆಡಲನ್ನು ಐದಾರು ಬಾರಿ ಒತ್ತಿ ಗಟ್ಟಿಯಾಗಿಸಬೇಕು. ಕಾಲು ಹಾಗೆಯೇ ಇಟ್ಟು ಎಂಜಿನ್ ಚಾಲೂ ಮಾಡಿದರೆ ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ, ಅಥವಾ ಬಹಳ ಹೊತ್ತು ತೆಗೆದುಕೊಂಡು ಇಳಿದರೆ, ಪಂಪ್, ಹೋಸ್ ಅಥವಾ ಬೂಸ್ಟರ್‌ನಲ್ಲಿ ದೋಷವಿದೆ.

ಸೋಪಿನ ಚಿಕಿತ್ಸೆ

ಕಿರುಚುವ ಬೆಲ್ಟಿಗೆ ಸೋಪು ಉಜ್ಜುವುದು, ಮುಖಕ್ಕೆ ಹಚ್ಚುವ ಪೌಡರ್ ಉದುರಿಸುವುದು, ರಾಳದ ಪುಡಿ ಹಾಕುವುದು ಹಳೆಯ ಕಾಲದಿಂದ ಬಂದ ಚಿಕಿತ್ಸೆಗಳು. ಮೈಸೂರು ಸ್ಯಾಂಡಲ್ ಸೋಪನ್ನೇ ಹಚ್ಚಿದರೂ ಫಲ ಒಂದೇ: ಜಾರುವಿಕೆ ಉಳಿಯುತ್ತದೆ, ಕೂಗು ಮಾತ್ರ ನಿಲ್ಲುತ್ತದೆ. ರಾಳದ ಕಥೆ ಇನ್ನೂ ವಿಚಿತ್ರ. ಪಿಟೀಲಿನ ಕಮಾನಿಗೆ ರಾಳ ಹಚ್ಚುವುದು ಸದ್ದು ಬರಲೆಂದು. ಬೆಲ್ಟಿಗೆ ಹಚ್ಚುವುದು ಸದ್ದು ಹೋಗಲೆಂದು. ಅದರ ಅಂಟಿಗೆ ರಸ್ತೆಯ ಧೂಳೆಲ್ಲ ಹಿಡಿದು ಪುಲ್ಲಿಯ ಗೋಡೆಯನ್ನು ಮರಳು ಕಾಗದದಂತೆ ಸವೆಸುತ್ತದೆ. ಅಂಗಡಿಯಲ್ಲಿ ದೊರೆಯುವ ಸ್ಪ್ರೇಗಳ ಹಣೆಬರಹವೂ ಹೆಚ್ಚು ಬೇರೆಯಲ್ಲ. ಇವುಗಳಿಂದ ಆಗುವ ದೊಡ್ಡ ಹಾನಿ ಏನೆಂದರೆ, ಎಚ್ಚರಿಸುತ್ತಿದ್ದ ದನಿಯನ್ನೇ ಮುಚ್ಚಿ ಚಾಲಕನನ್ನು ಘಟ್ಟಕ್ಕೆ ಕಳಿಸುವುದು.

ದಾರಿಯಲ್ಲಿ ಬೆಲ್ಟ್ ಹರಿದರೆ

ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿಕೊಳ್ಳುವುದು ಮೊದಲ ಸೂಚನೆ. ಚಾರ್ಜಿಂಗ್ ಇಲ್ಲದಿದ್ದರೂ ಹಳೆಯ ಡೀಸೆಲ್ ಎಂಜಿನ್ ಓಡುತ್ತಲೇ ಇರುವುದರಿಂದ ಚಾಲಕರು ಈ ದೀಪವನ್ನು ಕಡೆಗಣಿಸುವುದೇ ಹೆಚ್ಚು. ಅಷ್ಟರಲ್ಲಿ ವಾಟರ್ ಪಂಪ್ ನಿಂತಿರುತ್ತದೆ. ಉಷ್ಣತೆಯ ಮುಳ್ಳು ಏರತೊಡಗಿ, ಕೆಲವೇ ನಿಮಿಷಗಳಲ್ಲಿ ಹೆಡ್ ಗ್ಯಾಸ್ಕೆಟ್ ಸುಡುವ ಮಟ್ಟ ಮುಟ್ಟಬಹುದು.

ಇಳಿಜಾರಿನಲ್ಲಿದ್ದರೆ ಬ್ರೇಕನ್ನು ಪದೇ ಪದೇ ಒತ್ತಿ ಬಿಡಬಾರದು. ಪ್ರತಿ ಒತ್ತಿಗೂ ಉಳಿದ ನಿರ್ವಾತ ಖರ್ಚಾಗುತ್ತದೆ. ತಕ್ಷಣ ಕೆಳಗಿನ ಗೇರಿಗೆ ಇಳಿಸಿ ಎಂಜಿನ್ನಿನಿಂದಲೇ ವೇಗ ತಗ್ಗಿಸಬೇಕು. ನ್ಯೂಟ್ರಲ್ ಮಾಡುವುದಾಗಲಿ ಎಂಜಿನ್ ಬಂದ್ ಮಾಡುವುದಾಗಲಿ ಕೂಡದು. ಬದಿಯಲ್ಲಿ ಜಾಗ ಕಂಡೊಡನೆ ಒಂದೇ ಬಾರಿ ಬಲವಾಗಿ, ಬಿಡದೆ ಒತ್ತಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಇಡಬೇಕು. ಬೂಸ್ಟರ್ ಇಲ್ಲದೆಯೂ ಬ್ರೇಕ್ ಹಿಡಿಯುತ್ತದೆ. ಕಾಲಿನ ಬಲ ಹಲವು ಪಟ್ಟು ಬೇಕು ಅಷ್ಟೆ. ಪೆಡಲ್ ಗಟ್ಟಿಯಾಯಿತೆಂದು ಗಾಬರಿಯಿಂದ ಕಾಲು ತೆಗೆಯುವುದೇ ಅನಾಹುತಕ್ಕೆ ದಾರಿ. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆರೆಯಬಾರದೆಂಬುದು ಗೊತ್ತಿರುವ ಮಾತೇ. ಸ್ವಂತ ಊರಲ್ಲಿದ್ದೇವೆಂಬ ಧೈರ್ಯವೂ ಸಲ್ಲದು: ಚಾಮುಂಡಿ ಬೆಟ್ಟ ನಗರಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿದ್ದು, ಶಾಮಿಯಾನದ ಸಾಮಾನು ಹೇರಿಕೊಂಡು ಇಳಿಯುವ ಪಿಕಪ್‌ಗೆ ಅದೂ ಘಟ್ಟವೇ.

ಹೊಸ ಬೆಲ್ಟ್ ಕೊಳ್ಳುವಾಗ

ಅಂಗಡಿಯಲ್ಲಿ ಹಳೆಯ ಬೆಲ್ಟ್ ತೋರಿಸಿ ಅಷ್ಟೇ ಉದ್ದದ್ದು ಕೇಳುವುದು ಸಾಲದು, ಹಳೆಯದು ಹಿಗ್ಗಿರುತ್ತದೆ. ಬೆನ್ನಿನ ಮೇಲಿನ ಸಂಖ್ಯೆ ಓದಿಕೊಳ್ಳಬೇಕು. 6 ಪಿಕೆ 1750 ಎಂದಿದ್ದರೆ ಆರು ಪಕ್ಕೆಗಳ, 1750 ಮಿಲಿಮೀಟರ್ ಉದ್ದದ ಬೆಲ್ಟ್. ವಿ ಬೆಲ್ಟಿನಲ್ಲಿ ಮೊದಲ ಸಂಖ್ಯೆ ಮೇಲಿನ ಅಗಲ, ಎರಡನೆಯದು ಉದ್ದ. 13 ಮಿಲಿಮೀಟರ್ ಅಗಲದ ಹಳ್ಳಕ್ಕೆ 10ರದನ್ನು ಹಾಕಿದರೆ ಅದು ತಳಕ್ಕಿಳಿದು ಮೊದಲ ದಿನದಿಂದಲೇ ಜಾರುತ್ತದೆ. ಸಂಖ್ಯೆ ಅಳಿಸಿಹೋಗಿದ್ದರೆ ವಾಹನದ ಮಾದರಿ, ತಯಾರಿಕೆಯ ವರ್ಷ, ಎಂಜಿನ್ ಸಂಖ್ಯೆ ಕೊಟ್ಟು ಕೇಳಬೇಕು. ಜೋಡಿ ಬೆಲ್ಟ್ ಇರುವ ಎಂಜಿನ್ನಿನಲ್ಲಿ ಒಂದನ್ನೇ ಬದಲಿಸಿದರೆ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ; ಎರಡನ್ನೂ ಒಟ್ಟಿಗೆ, ಒಂದೇ ತಯಾರಿಕೆಯದನ್ನು ಹಾಕಬೇಕು. ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಿ ಪುಲ್ಲಿಗೆ ಏರಿಸಿದರೆ ಒಳಗಿನ ನೂಲು ಹರಿಯುತ್ತದೆ. ಆಲ್ಟರ್ನೇಟರನ್ನು ಪೂರ್ತಿ ಒಳಕ್ಕೆ ತಳ್ಳಿ ಸಡಿಲವಾಗಿಯೇ ಕೂರಿಸಬೇಕು.

ಹೊಸ ಬೆಲ್ಟ್ ಹತ್ತು ಹದಿನೈದು ನಿಮಿಷ ಓಡುವಷ್ಟರಲ್ಲಿ ಹಳ್ಳಕ್ಕೆ ಹೊಂದಿಕೊಂಡು ಸ್ವಲ್ಪ ಸಡಿಲವಾಗುತ್ತದೆ. ಆಗ ಒಮ್ಮೆ, ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಮತ್ತೊಮ್ಮೆ ಬಿಗಿ ನೋಡಬೇಕು. ಹೆಚ್ಚಿನ ಹೊಸ ಬೆಲ್ಟುಗಳು ವಾರದೊಳಗೆ ಕಿರುಚುವುದು ಈ ಎರಡನೆಯ ಭೇಟಿ ತಪ್ಪಿಸಿದ್ದರಿಂದ. ಕಳಚಿದ ಹಳೆಯದು ಹರಿಯದೆ ಇದ್ದರೆ, ಆಯಿಲ್ ಕುಡಿದಿರದಿದ್ದರೆ, ಸುತ್ತಿ ಸೀಟಿನ ಹಿಂದೆ 13 ಮತ್ತು 17ರ ಸ್ಪ್ಯಾನರುಗಳೊಂದಿಗೆ ಇಟ್ಟುಕೊಳ್ಳಿ. ಗುಂಡ್ಲುಪೇಟೆಯ ಆಚೆ ರಾತ್ರಿ ಎಂಟು ಗಂಟೆಗೆ ಯಾವ ಅಂಗಡಿಯೂ ನಿಮಗಾಗಿ ತೆರೆದಿರುವುದಿಲ್ಲ.